ಕಿಣಿಯವರ ಗಾಳದ ಚಕ್ರ

"ಅವರು ಆ ದಿನ ಗಾಳ ಹಾಕ್ಲಿಕ್ಕೆ ಹೋದದ್ದೇ ಅಲ್ಲ," ಎಂದರು ಚಂದ್ರಾವತಿ ಕಿಣಿ. "ಪೊಲೀಸರಿಗೆ ಹೇಳಿ ಹೇಳಿ ನನಗೆ ಸಾಕಾಯ್ತು. ಒಬ್ಬರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನೀನಾದ್ರೂ ಕೇಳು, ಪುಂಡಲೀಕ."

ಸೆರಗಿನ ಗಂಟು ಬಿಚ್ಚಿ ಅವರು ಒಂದು ಹಿತ್ತಾಳೆಯ ಬೀಗದಕೈಯನ್ನು ಮೇಜಿನ ಮೇಲಿಟ್ಟರು.

ಜಾದವ್‌ಪುರದ ಸ್ಟೇಷನ್ ರಸ್ತೆಯಲ್ಲಿ ಕೃಷ್ಣರಾಜ ಐತಾಳರ ಹೋಟೆಲು. ಮಧ್ಯಾಹ್ನದ ಊಟದ ಗಲಾಟೆ ಮುಗಿದು, ಯೂನಿವರ್ಸಿಟಿಯ ಹುಡುಗರು ಕಾಫಿಗೆ ಬರುವ ಮುಂಚಿನ ಬಿಡುವು. ಕರೆಂಟು ಹೋಗಿತ್ತು. ಲೋಡ್‌ಶೆಡ್ಡಿಂಗ್ ಎನ್ನುವುದು ಆ ವರ್ಷಗಳಲ್ಲಿ ಕಲ್ಕತ್ತೆಯ ಹವಾಮಾನದ್ದೇ ಒಂದು ಭಾಗವಾಗಿತ್ತು. ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಐತಾಳರು ಒಂದು ಮೇಣದಬತ್ತಿ ಹಚ್ಚಿ ಮೇಜಿನ ಮೇಲಿಟ್ಟು, ತಾವೂ ಕುರ್ಚಿ ಎಳೆದುಕೊಂಡು ಕುಳಿತರು.

ಅವರ ಎದುರು ಕುಳಿತಿದ್ದ ತೆಳ್ಳನೆಯ ಮನುಷ್ಯ ಪುಂಡಲೀಕ ಬಾಳಿಗ. ಬ್ಯಾಂಕಿನಲ್ಲಿ ತಪಾಸಣೆಯ ಅಧಿಕಾರಿ, ಮದುವೆಯಾಗದವನು, ಹೋಟೆಲಿನ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ. ಯಾರದೋ ಲಾಕರಿನಿಂದ ಮಾಯವಾದ ಬಳೆಗಳನ್ನೂ ಬೆಹಾಲಾ ಠಾಣೆಗೆ ತಲೆನೋವಾಗಿದ್ದ ಕಳ್ಳನೋಟಿನ ಜಾಲವನ್ನೂ ಅವನು ಪತ್ತೆ ಮಾಡಿದ ಮೇಲೆ, ಊರಿನಲ್ಲಿದ್ದ ಕನ್ನಡ ಮನೆಗಳವರೆಲ್ಲ ಏನೇ ತೊಡಕು ಬಂದರೂ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಬಂದವರಿಗೆ ಕಾಫಿ ಕೊಡುವ ಕೆಲಸ ಐತಾಳರದು. ಅವನ ಜೊತೆಗೆ ಅಲೆಯುವ ಕೆಲಸವೂ ಅವರದೇ.

ಆದರೆ ಈ ಸಲ ಬಂದದ್ದು ಹೊರಗಿನವರ ತೊಡಕಲ್ಲ. ಸತ್ತವರು ಚಂದ್ರಾವತಿಯವರ ಗಂಡ ರಮಾನಾಥ ಕಿಣಿ. ಹಿಡಿದು ಲಾಕಪ್ಪಿಗೆ ಹಾಕಿದ್ದು ಐತಾಳರ ಅಡಿಗೆಯ ವೆಂಕಪ್ಪನನ್ನು.

ರಮಾನಾಥ ಕಿಣಿಯವರು ಬ್ಯಾಂಕಿನಿಂದ ನಿವೃತ್ತರಾಗಿ ಬೆಹಾಲಾದಲ್ಲೇ ಉಳಿದುಬಿಟ್ಟವರು. ಊರಿಗೆ ಯಾಕೆ ಹೋಗಲಿಲ್ಲ ಎಂದು ಕೇಳಿದರೆ, "ಅಲ್ಲಿ ಘೋಷಾಲರ ಪುಕುರ್ ಉಂಟಾ?" ಎಂದು ತಿರುಗಿ ಕೇಳುತ್ತಿದ್ದರು. ಬಂಗಾಳಿಯಲ್ಲಿ ಪುಕುರ್ ಅಂದರೆ ಕೊಳ. ಟ್ರಾಮ್ ರಸ್ತೆಯಿಂದ ಒಳಗೆ, ಪಾಚಿ ಹಿಡಿದ ಹಳೆಯ ಮಾಳಿಗೆಯ ಮನೆಯ ಹಿಂದೆ, ಸುತ್ತ ತೆಂಗು ಮತ್ತು ಗುಲ್‌ಮೊಹರಿನ ನೆರಳಿದ್ದ ಕೊಳ ಅದು. ಕಲ್ಲಿನ ಮೆಟ್ಟಿಲುಗಳ ಘಾಟು, ಘಾಟಿನ ಪಕ್ಕ ಒಂದು ಸಣ್ಣ ಕೋಣೆ. ಪ್ರತಿ ಭಾನುವಾರ ಅಲ್ಲಿ ಸೇರುತ್ತಿದ್ದುದು ನಾಲ್ಕೇ ಜನ: ಗುರುವಾಗಿ ಕಿಣಿಯವರು, ಶಿಷ್ಯನಾಗಿ ಪುಂಡಲೀಕ, ಎದುರು ದಂಡೆಯಲ್ಲಿ ಗಾರ್ಡನ್ ರೀಚಿನ ಹಡಗುಕಟ್ಟೆಯಿಂದ ನಿವೃತ್ತರಾದ ತಾರಾಪದ ಹಾಲ್ದಾರ್, ಮತ್ತು ಜೀವಮಾನದಲ್ಲಿ ಮೀನು ಮುಟ್ಟದ ಕೃಷ್ಣರಾಜ ಐತಾಳರು. ಬೆಳಗಿನ ತಿಂಡಿಗೆ ವೆಂಕಪ್ಪ ಇಡ್ಲಿಯ ಡಬ್ಬಿ ಹೊತ್ತು ತರುತ್ತಿದ್ದ.

ಮೀನು ತಿನ್ನದವರಿಗೆ ಅಲ್ಲೇನು ಕೆಲಸ ಎಂದು ಹೆಂಡತಿ ಎಷ್ಟೋ ಸಲ ಕೇಳಿದ್ದಳು. ವಾರವಿಡೀ ಪಾತ್ರೆಯ ಸದ್ದು, ಗಿರಾಕಿಗಳ ಸದ್ದು, ರಸ್ತೆಯಲ್ಲಿ ಕೆಂಪು ಬಾವುಟ ಹಿಡಿದು ಹೋಗುವ ಮೆರವಣಿಗೆಯ ಸದ್ದು ಕೇಳಿದ ಕಿವಿಗೆ ಆ ಕೊಳದ ಪಕ್ಕದ ಮೌನ ಬೇಕಿತ್ತು. ಆ ಮೌನವನ್ನು ಒಡೆಯುತ್ತಿದ್ದುದು ಒಂದೇ: ಕಿಣಿಯವರ ಗಾಳದ ಚಕ್ರ. ವಿಲಾಯತಿಯ ಹಿತ್ತಾಳೆಯ ಚಕ್ರ ಅದು. ಮೀನು ದಾರ ಎಳೆದೊಡನೆ 'ಕಿರ್‌ರ್‌ರ್' ಎಂದು ಹಾಡುತ್ತಿತ್ತು. ಕೊಳದ ಆ ಕಡೆಗೂ ಕೇಳುವಂಥ ಸದ್ದು. ಅದು ಕೇಳಿದರೆ ಹಾಲ್ದಾರರ ಮುಖ ಹುಳ್ಳಗಾಗುತ್ತಿತ್ತು.

ಸಲಕರಣೆಯ ವಿಷಯದಲ್ಲಿ ಕಿಣಿಯವರದು ಪೂಜೆಯಷ್ಟೇ ಮಡಿ. ಪುಂಡಲೀಕನಿಗೆ ಮೊದಲ ಕೋಲು ಕೊಡಿಸಲು ಧರ್ಮತಲಾದ ಹಿಂದಿನ ಗಲ್ಲಿಯ ಅಂಗಡಿಗೆ ಅವರು ಕರೆದುಕೊಂಡು ಹೋದದ್ದು ಐತಾಳರಿಗೆ ನಿನ್ನೆ ಮೊನ್ನೆಯ ಹಾಗಿತ್ತು. ಅಂಗಡಿಯವನು ಹೊಳೆಯುವ ಕೋಲುಗಳನ್ನು ತಂದು ತಂದು ಇಟ್ಟರೆ, ಕಿಣಿಯವರು ಒಂದೊಂದರ ತುದಿಯನ್ನೂ ಮಾಡಿನ ತೊಲೆಗೆ ಒತ್ತಿ, ಬಾಗು ನೋಡಿ, ಬದಿಗಿಟ್ಟಿದ್ದರು. "ಬಣ್ಣ ನೋಡ್ಬೇಡ ಮಾರಾಯ, ಬಾಗು ನೋಡು. ತುದಿ ಮಾತ್ರ ಬಾಗಿದ್ರೆ ದೊಡ್ಡ ಮೀನಿಗೆ ಮುರೀತದೆ. ಬುಡದವರೆಗೆ ಬಾಗಿದ್ರೆ ನಿನ್ನ ಕೈ ಮಾತು ಕೇಳುವುದಿಲ್ಲ. ಮಧ್ಯದಲ್ಲಿ ಎಲ್ಲೋ ನಿಲ್ಲಬೇಕು." ಮನೆಗೆ ಬಂದ ಮೇಲೆ ಇನ್ನೊಂದು ಪಾಠ. ಕೋಲಿನ ತುಂಡುಗಳನ್ನು ಜೋಡಿಸಿದ ಮೇಲೆ ಒಂದು ಕಣ್ಣು ಮುಚ್ಚಿ ಬಂದೂಕಿನ ಹಾಗೆ ನೋಡಬೇಕು. ದಾರ ಹಾಯುವ ಉಂಗುರಗಳೆಲ್ಲ ಒಂದೇ ಗೆರೆಯಲ್ಲಿರಬೇಕು. ಕೆಲಸ ಮುಗಿದ ಮೇಲೆ ದಾರವನ್ನು ಚಕ್ರದಿಂದ ಬಿಚ್ಚಿ ನೆರಳಿನಲ್ಲಿ ಒಣಗಿಸಬೇಕು. ಗಾಳದ ಮುಳ್ಳುಗಳಿಗೆ ತುಕ್ಕು ಹಿಡಿಯದ ಹಾಗೆ ವ್ಯಾಸಲೀನು ಹಚ್ಚಿಡಬೇಕು. ಮತ್ತೆ ನೀರಿಗೆ ಹಾಕುವ ಮುಂಚೆ ಸಾಬೂನು ಹಚ್ಚಿ ತೊಳೆದು, ಕೊಳದ ಮಣ್ಣಿನಿಂದ ಉಜ್ಜಬೇಕು. "ಮೀನಿಗೆ ನಮಗಿಂತ ಒಳ್ಳೆ ಮೂಗುಂಟು," ಎನ್ನುತ್ತಿದ್ದರು. ಈ ಒಂದು ವಿಷಯದಲ್ಲಿ ಮಾತ್ರ ಎದುರು ದಂಡೆಯ ಹಾಲ್ದಾರರೂ ಅವರನ್ನು ಒಪ್ಪುತ್ತಿದ್ದರು.

ಕಾಳಿಪೂಜೆ ಕಳೆದು ಚಳಿ ಸಣ್ಣಗೆ ಶುರುವಾಗಿದ್ದ ಆ ಭಾನುವಾರ ಪುಂಡಲೀಕ ಬರ್ದ್ವಾನಿನ ಶಾಖೆಯ ತಪಾಸಣೆಗೆ ಹೋಗಿದ್ದ. ಅವನಿಲ್ಲದೆ ಐತಾಳರೂ ಹೊರಟಿರಲಿಲ್ಲ. ವೆಂಕಪ್ಪ ಒಬ್ಬನೇ ಇಡ್ಲಿ ಹಿಡಿದು ಹೋಗಿದ್ದ. ಘಾಟಿನಲ್ಲಿ ಕಿಣಿಯವರ ಕೋಲು ಕವಲುಕಡ್ಡಿಯ ಮೇಲೆ ನೀರಿನತ್ತ ಚಾಚಿಕೊಂಡಿತ್ತು. ಕಿಣಿಯವರು ಕೆಳಗಿನ ಮೆಟ್ಟಿಲ ಬಳಿ ನೀರಿನಲ್ಲಿ ಮುಖ ಕೆಳಗಾಗಿ ಬಿದ್ದಿದ್ದರು. ವೆಂಕಪ್ಪ ನೀರಿಗೆ ಹಾರಿ ಎಳೆದು ಹಾಕಿ, ಗಂಟಲು ಹರಿಯುವಂತೆ ಕೂಗಿಕೊಂಡಿದ್ದ. ಪೊಲೀಸರು ಬಂದು ಅವನ ಚೀಲ ಹುಡುಕಿದಾಗ ಇಡ್ಲಿಯ ಡಬ್ಬಿಯ ಕೆಳಗೆ ಆ ವಿಲಾಯತಿ ಚಕ್ರ ಸಿಕ್ಕಿತ್ತು.

"ಇದು ಘಾಟಿನ ಕೋಣೆಯ ಬೀಗದಕೈ," ಚಂದ್ರಾವತಿ ಮುಂದುವರಿಸಿದರು. "ಅವರ ಕೋಲು, ಗಾಳ ಎಲ್ಲ ಇರುವುದು ಆ ಕೋಣೆಯಲ್ಲಿ. ಶನಿವಾರ ನಾನು ಹೌರಾದಲ್ಲಿ ತಮ್ಮನ ಮನೆಯಲ್ಲಿದ್ದೆ. ಸುದ್ದಿ ಕೇಳಿ ಓಡಿಬಂದಾಗ ಇದು ದೇವರ ಗೂಡಿನ ಪಕ್ಕದ ಮೊಳೆಯಲ್ಲಿ ನೇತಾಡ್ತಾ ಇತ್ತು. ಬೀಗದಕೈ ಮನೆಯಲ್ಲಿ ಬಿಟ್ಟು ಅವರು ಕೋಲು ಹೇಗೆ ತೆಗೆದ್ರು? ಮತ್ತೆ ನಮ್ಮ ವೆಂಕಪ್ಪ... ಅವನು ಇರುವೆ ಕೊಲ್ಲುವವನಲ್ಲ." ಮುಖ ಆಚೆ ತಿರುಗಿಸಿ ಅವರು ಗೋಡೆಯನ್ನೇ ನೋಡುತ್ತ ಕುಳಿತರು.

ಪುಂಡಲೀಕ ಬೀಗದಕೈಯನ್ನು ಎತ್ತಿ ಜೇಬಿಗೆ ಹಾಕಿಕೊಂಡ. "ಐತಾಳ್ರೆ, ಹೋಟೆಲು ಮುಚ್ಚಿ. ಬೆಹಾಲಾಕ್ಕೆ ಹೋಗುವ."

ಠಾಣೆಯ ದಾರೋಗಾ ಸಾನ್ಯಾಲರಿಗೆ ಕಳ್ಳನೋಟಿನ ಉಪಕಾರ ನೆನಪಿತ್ತು. ಚಹಾ ತರಿಸಿದರು. ಆದರೆ ಮಾತು ಖಡಾಖಂಡಿತ.

"ಬಾಳಿಗಬಾಬು, ಕೇಸು ಸರಳ. ತಲೆಯ ಹಿಂದೆ ಪೆಟ್ಟು, ಶ್ವಾಸಕೋಶದಲ್ಲಿ ನೀರು. ಅಂದರೆ ಹೊಡೆತಕ್ಕೆ ಪ್ರಜ್ಞೆ ತಪ್ಪಿ ನೀರಿಗೆ ಬಿದ್ದು ಸತ್ತಿದ್ದಾರೆ. ದೇಹ ನೀರಿನಲ್ಲಿದ್ದದ್ದರಿಂದ ಎಷ್ಟು ಹೊತ್ತಿಗೆ ಅಂತ ಡಾಕ್ಟರು ಖಚಿತವಾಗಿ ಹೇಳಲಿಲ್ಲ. ಆದರೆ ಕೊಳದ ಯಜಮಾನ ಅನಾದಿ ಘೋಷಾಲ್ ಇದ್ದಾರಲ್ಲ, ಬೆಳಗ್ಗೆ ಅವರು ಮಹಡಿಯಲ್ಲಿ ಹಲ್ಲುಜ್ಜುತ್ತಿದ್ದಾಗ ಕಿಣಿಬಾಬುವಿನ ಚಕ್ರದ ಸದ್ದು ಕೇಳಿದ್ದಾರೆ. ಅದಾದ ಸ್ವಲ್ಪ ಹೊತ್ತಿಗೆ ನಿಮ್ಮ ಅಡಿಗೆಯವನ ಕೂಗು. ನಡುವೆ ಇನ್ಯಾರೂ ಬಂದಿಲ್ಲ. ಸಲಕರಣೆಯ ಪೆಟ್ಟಿಗೆಯಿಂದ ಬೆಲೆಬಾಳುವ ಚಕ್ರ ಕದಿಯುವಾಗ ಕಿಣಿಬಾಬು ನೋಡಿದರು, ಇವನು ಹೊಡೆದು ನೂಕಿದ."

"ಆ ಚಕ್ರ ನೋಡಬಹುದೇ?"

ಸಾನ್ಯಾಲರು ಬೀರುವಿನಿಂದ ತೆಗೆಸಿದರು. ಬಿಳಿ ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿದ ಚಕ್ರ. ಬಟ್ಟೆಯಲ್ಲಿ ಹೊಲಿಗೆ ಯಂತ್ರದ ಎಣ್ಣೆಯ ವಾಸನೆ. ಪುಂಡಲೀಕ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಒಂದೆಳೆ ದಾರವೂ ಅದರ ಮೇಲಿರಲಿಲ್ಲ. ಹಿಡಿಕೆ ಸ್ವಲ್ಪ ಅಲ್ಲಾಡುತ್ತಿತ್ತು. ಮತ್ತೆ ಬಟ್ಟೆಯಲ್ಲಿ ಸುತ್ತಿ ಹಿಂದಕ್ಕೆ ಕೊಟ್ಟ.

ಲಾಕಪ್ಪಿನ ಕಂಬಿಯ ಆಚೆ ವೆಂಕಪ್ಪ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಐತಾಳರನ್ನು ಕಂಡೊಡನೆ ಎದ್ದು ಬಂದು ಕಂಬಿ ಹಿಡಿದುಕೊಂಡ.

"ಶನಿವಾರ ಬೆಹಾಲಾದಲ್ಲಿ ಉಪನಯನದ ಅಡಿಗೆ ಇತ್ತಲ್ಲ, ಮುಗಿಸಿ ಬರುವಾಗ ಕಿಣಿಯವರ ಮನೆ ಎದುರು ಬಂದೆ. ಅವರೇ ಕರೆದು ಈ ಗಂಟು ಕೊಟ್ರು. ಬಾಳಿಗರು ಬರ್ದ್ವಾನಿನಿಂದ ಬಂದ ಕೂಡ್ಲೆ ಕೊಡು, ಹಿಡಿಕೆ ಸಡಿಲ ಆಗಿದೆ, ಧರ್ಮತಲಾದ ಅಂಗಡಿಯಲ್ಲಿ ರಿಪೇರಿ ಮಾಡಿಸ್ಲಿಕ್ಕೆ ಹೇಳು ಅಂದ್ರು. ಚೀಲದಲ್ಲಿ ಹಾಕಿದವ ಮರೆತೇಬಿಟ್ಟೆ. ಭಾನುವಾರ ಯಾವತ್ತಿನ ಹಾಗೆ ಅದೇ ಚೀಲದಲ್ಲಿ ಇಡ್ಲಿ ಹಿಡಿದು ಹೋದೆ. ದೇವರಾಣೆ ಒಡೆಯರೆ, ಅದರ ಒಳಗೆ ಎಂತ ಉಂಟು ಅಂತ ಕೂಡ ನಾನು ನೋಡಿದ್ದಲ್ಲ."

"ನೀನು ಅವರನ್ನು ನೀರಿನಿಂದ ಎತ್ತಿದಾಗ ಮೈ ಹೇಗಿತ್ತು?" ಪುಂಡಲೀಕ ಕೇಳಿದ.

ವೆಂಕಪ್ಪ ಕಣ್ಣು ಮುಚ್ಚಿಕೊಂಡ. "ಮರದ ದಿಮ್ಮಿಯ ಹಾಗೆ. ಕೈ ಬಗ್ಗಿಸ್ಲಿಕ್ಕೆ ನೋಡಿದೆ, ಬಗ್ಗಲಿಲ್ಲ. ಅದನ್ನೂ ಹೇಳಿದೆ ಇವರಿಗೆ. ನನ್ನ ಹಿಂದಿ ನೋಡಿ ನಗಾಡಿದ್ರು."

ಹೊರಗೆ ಬಂದ ಮೇಲೆ ಐತಾಳರು ತಡೆಯಲಾರದೆ ಕೇಳಿದರು: "ಅವನನ್ನು ಬಿಡಿಸಬಹುದಾ, ಪುಂಡಲೀಕ? ನನ್ನ ಅಪ್ಪನ ಕಾಲದಿಂದ ನಮ್ಮ ಒಲೆ ಮುಂದೆ ನಿಂತವನು. ಅವನ ಅಮ್ಮನಿಗೆ ನಾನು ಎಂತ ಬರೆಯಲಿ?"

"ಇನ್ನೂ ಏನೂ ಬರೀಬೇಡಿ," ಎಂದ ಪುಂಡಲೀಕ.

ಘೋಷಾಲರ ಮನೆಯ ಗೇಟಿನಲ್ಲಿ ತಾರಾಪದ ಹಾಲ್ದಾರರೇ ಎದುರಾದರು. ದಪ್ಪ ಮೀಸೆ, ಸಿಡುಕು ಮೋರೆ. ಹಿಂದಿನ ವಾರವಷ್ಟೇ ಗುಲ್‌ಮೊಹರಿನ ಕೆಳಗಿನ ಜಾಗಕ್ಕಾಗಿ ಕಿಣಿಯವರಿಗೂ ಅವರಿಗೂ ದೊಡ್ಡ ಜಗಳವಾಗಿತ್ತು. "ನಿಮ್ಮ ಕೋಲು ಮುರಿದು ನಿಮ್ಮನ್ನೇ ಕೊಳಕ್ಕೆ ನೂಕುತ್ತೇನೆ" ಎಂದು ಅವರು ಅರಚಿದ್ದನ್ನು ಐತಾಳರೇ ಕಿವಿಯಾರೆ ಕೇಳಿದ್ದರು.

"ಹಾಲ್ದಾರ್‌ಬಾಬು, ಶನಿವಾರ ಸಂಜೆ ನೀವು ಎಲ್ಲಿದ್ದಿರಿ?"

"ಶನಿವಾರದ್ದು ಯಾಕೆ? ಸತ್ತದ್ದು ಭಾನುವಾರ ಬೆಳಗ್ಗೆ ಅಲ್ಲವೇ?" ಅವರ ಮುಖ ಕೆಂಪಾಯಿತು. "ಎಲ್ಲಿದ್ದರೆ ನಿಮಗೇನು ಮೊಶಾಯ್? ನಾನು ಎಲ್ಲೂ ಇರಲಿಲ್ಲ." ಹೀಗೆಂದು ದುಡುದುಡು ನಡೆದೇಬಿಟ್ಟರು. ಐತಾಳರ ಮನಸ್ಸಿನಲ್ಲಿ ಅವರ ಮೇಲೆ ಅನುಮಾನ ಬೇರೂರಿದ್ದು ಆಗಲೇ.

ಅನಾದಿ ಘೋಷಾಲರು ಹಾಲ್ದಾರರಿಗೆ ತೀರ ವಿರುದ್ಧ. ಬಿಳಿ ಧೋತಿ, ಮೆತ್ತನೆಯ ಮಾತು. ಗಾರೆ ಉದುರುತ್ತಿದ್ದ ಜಗಲಿಯಲ್ಲಿ ಇಬ್ಬರನ್ನೂ ಕೂರಿಸಿ, ಕಿಣಿಯವರ ಹೆಸರೆತ್ತಿದೊಡನೆ ಕಣ್ಣೊರೆಸಿಕೊಂಡರು. "ಅಣ್ಣನ ಹಾಗಿದ್ದರು. ನನಗೆ ಗಾಳದ ಗಂಧವಿಲ್ಲ, ಮೀನು ತಟ್ಟೆಗೆ ಬಂದ ಮೇಲೆ ಮಾತ್ರ ಗೊತ್ತು. ಆದರೂ ಆ ಚಕ್ರದ ಸದ್ದು ಕೇಳದೆ ನನಗೆ ಭಾನುವಾರ ಅನ್ನಿಸುತ್ತಿರಲಿಲ್ಲ. ಆ ದಿನವೂ ಕೇಳಿದೆ. ಕಿರ್‌ರ್ ಅಂತ, ಎರಡು ಸಲ. ದೊಡ್ಡ ಮೀನು ಬಿತ್ತು ಅಂದುಕೊಂಡೆ."

"ಆಗ ಅವರನ್ನು ನೋಡಿದಿರಾ?"

"ಇಲ್ಲ, ಗುಲ್‌ಮೊಹರು ಅಡ್ಡ. ಸದ್ದು ಮಾತ್ರ."

"ಘಾಟಿನ ಕೋಣೆಯ ಬೀಗ?"

"ಅವರೇ ತೆರೆದಿರಬೇಕು, ಅವರ ಹತ್ತಿರ ಬೀಗದಕೈ ಇತ್ತಲ್ಲ. ಇನ್ನೊಂದು ನನ್ನ ಗೊಂಚಲಿನಲ್ಲಿದೆ." ಸ್ವಲ್ಪ ತಡೆದು ಅವರೇ ಹೇಳಿದರು: "ಪಾಡಾದ, ಈ ಕೇರಿಯ, ಜನ ಏನೇನೋ ಹೇಳುತ್ತಾರೆ. ಈ ಕೊಳ ಮುಚ್ಚಿ ಫ್ಲ್ಯಾಟು ಕಟ್ಟಲು ಕೊಡುತ್ತೇನೆ ಅಂತ. ಕಿಣಿಬಾಬು ಬೇಡ ಅಂದರು. ಅವರು ಬೇಡ ಅಂದ ಮೇಲೆ ನಾನೂ ಬಿಟ್ಟೆ."

ಕೋಲು ಪೊಲೀಸರ ಮೊಹರಿನೊಂದಿಗೆ ಘಾಟಿನ ಕೋಣೆಯಲ್ಲೇ ಇತ್ತು. ಸಾನ್ಯಾಲರು ಕಳಿಸಿದ್ದ ಕಾನ್‌ಸ್ಟೇಬಲ್ ಬಾಗಿಲು ತೆರೆದ. ಪುಂಡಲೀಕ ಕೋಲನ್ನು ಎರಡೂ ಕೈಯಿಂದ ಎತ್ತಿಕೊಂಡ. ಗುರುವಿನ ಕೋಲು ಅದು. ಅದಕ್ಕೆ ಸಿಕ್ಕಿಸಿದ್ದದ್ದು ಮೂಲೆಯಲ್ಲಿ ಬಿದ್ದಿರುತ್ತಿದ್ದ ಹಳೆಯ ಮರದ ಚಕ್ರ. ಅವನು ಒಂದು ಕಣ್ಣು ಮುಚ್ಚಿ ಕೋಲಿನುದ್ದಕ್ಕೂ ನೋಡಿದ. ಆಮೇಲೆ ದಾರದ ತುದಿಯ ಗಾಳದಿಂದ ಒಣಗಿದ ಹಿಟ್ಟಿನ ಉಂಡೆಯನ್ನು ಬಿಡಿಸಿ, ಮುಳ್ಳನ್ನು ಹೆಬ್ಬೆರಳಿನಿಂದ ತಿಕ್ಕಿ, ಬೆರಳನ್ನು ಐತಾಳರ ಮುಂದೆ ಹಿಡಿದ. ಬೆರಳು ಜಿಡ್ಡಾಗಿ ಮಿನುಗುತ್ತಿತ್ತು.

"ಎಂತದು ಇದು?"

"ಇದೇ ಎಲ್ಲ," ಎಂದ ಪುಂಡಲೀಕ.

ಮುಂದಿನ ಭಾನುವಾರ ಬೆಳಗ್ಗೆ ಘೋಷಾಲರ ಜಗಲಿಯಲ್ಲಿ ಎಲ್ಲರೂ ಸೇರಿದರು. ಪುಂಡಲೀಕನ ಕೋರಿಕೆಯಂತೆ ಸಾನ್ಯಾಲರು ಕೋಲನ್ನೂ ಎರಡು ಚಕ್ರಗಳನ್ನೂ ತರಿಸಿ ಮೇಜಿನ ಮೇಲಿಟ್ಟಿದ್ದರು. ಬಿಳಿ ಸೀರೆಯಂಚನ್ನು ಬಿಗಿಹಿಡಿದು ಚಂದ್ರಾವತಿ ಒಂದು ಬದಿಗೆ ಕುಳಿತಿದ್ದರು. ಹಾಲ್ದಾರರು ಕಂಬಕ್ಕೊರಗಿ ನಿಂತಿದ್ದರು, ಕೂರಲು ಒಪ್ಪಲಿಲ್ಲ. ವೆಂಕಪ್ಪನ ಎರಡೂ ಪಕ್ಕ ಕಾನ್‌ಸ್ಟೇಬಲ್‌ಗಳು. ಕೆಳಗೆ ಕೊಳದ ನೀರಿನ ಮೇಲೆ ಎಳೆಬಿಸಿಲು ಬಿದ್ದಿತ್ತು. ಅಲ್ಲಿ ಯಾರೂ ಇಲ್ಲದ ಭಾನುವಾರವನ್ನು ಐತಾಳರು ನೋಡಿದ್ದು ಅದೇ ಮೊದಲು. ಆ ಕಡೆ ನೋಡಲಾಗದೆ ಅವರು ತಮ್ಮ ಚಪ್ಪಲಿಯನ್ನೇ ನೋಡುತ್ತ ನಿಂತರು.

ಪುಂಡಲೀಕ ಬಂಗಾಳಿಯಲ್ಲಿ ನಿಧಾನವಾಗಿ ಮಾತಿಗಾರಂಭಿಸಿದ.

"ಮೊದಲು ವೆಂಕಪ್ಪನ ಚೀಲದಲ್ಲಿ ಸಿಕ್ಕಿದ ಚಕ್ರ. ದಾರೋಗಾಬಾಬು, ಗಾಳ ಹಾಕುತ್ತಿದ್ದವರಿಂದ ಕದ್ದ ಚಕ್ರ ಹೇಗಿರುತ್ತದೆ? ಒದ್ದೆಯಾಗಿ, ದಾರ ಸುತ್ತಿಕೊಂಡು ಇರುತ್ತದೆ. ಇದರ ದಾರ ಬಿಚ್ಚಿದೆ, ಎಣ್ಣೆ ಹಾಕಿದೆ, ಫ್ಲಾನೆಲಿನಲ್ಲಿ ಸುತ್ತಿದೆ. ಕಿಣಿಯವರು ಚಕ್ರವನ್ನು ರಿಪೇರಿಗೆ ಕಳಿಸುವಾಗ ಮಾತ್ರ ಹೀಗೆ ಮಾಡುತ್ತಿದ್ದರು. ಹಿಡಿಕೆ ಸಡಿಲವಾಗಿರುವುದನ್ನು ನೀವೇ ಅಲ್ಲಾಡಿಸಿ ನೋಡಿ. ಅಂದರೆ ವೆಂಕಪ್ಪ ಹೇಳಿದ್ದು ನಿಜ: ಶನಿವಾರ ಅವರೇ ಕೊಟ್ಟರು. ಈ ಚಕ್ರವಿಲ್ಲದೆ ಅವರು ನೀರಿನ ಮುಂದೆ ಕೂತವರೇ ಅಲ್ಲ. ಭಾನುವಾರ ಗಾಳ ಹಾಕುವ ಯೋಚನೆ ಅವರಿಗಿರಲಿಲ್ಲ. ಅದಕ್ಕೇ ಕೋಣೆಯ ಬೀಗದಕೈ ಮನೆಯ ಮೊಳೆಯಲ್ಲೇ ಉಳಿಯಿತು."

"ಆದರೆ ಕೋಲು ಘಾಟಿನಲ್ಲಿತ್ತಲ್ಲ?" ಎಂದರು ಸಾನ್ಯಾಲರು.

"ಇತ್ತು. ಬೇರೆ ಯಾರೋ ಇಟ್ಟದ್ದು. ಹಾಲ್ದಾರ್‌ಬಾಬು, ಈ ಕೋಲನ್ನು ಒಮ್ಮೆ ನೋಡಿ ಹೇಳಿ."

ಹಾಲ್ದಾರರು ಮನಸ್ಸಿಲ್ಲದೆ ಮುಂದೆ ಬಂದರು. ಕೋಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿದವರ ಮುಖ ಒಮ್ಮೆಲೇ ಗಂಟಿಕ್ಕಿತು. "ಉಂಗುರಗಳು ಒಂದು ಆ ಕಡೆ, ಒಂದು ಈ ಕಡೆ! ಇದು ಯಾವ ಮೂರ್ಖ ಜೋಡಿಸಿದ್ದು?"

"ಗಾಳ ಮುಟ್ಟಿ."

ಮುಟ್ಟಿದರು. ಬೆರಳು ಮೂಸಿದರು. "ವ್ಯಾಸಲೀನು! ತೊಳೆಯದೆ ಹಿಟ್ಟು ಮೆತ್ತಿದ್ದಾರೆ. ಈ ಗಾಳದ ಹತ್ತಿರ ಕಪ್ಪೆಯೂ ಬರುವುದಿಲ್ಲ." ಹೇಳಿ ಮುಗಿಸುವಷ್ಟರಲ್ಲಿ ಅವರ ದನಿ ಇಳಿಯಿತು. "ಕಿಣಿ ಹೀಗೆ ಮಾಡುವವನಲ್ಲ. ಸತ್ತರೂ ಮಾಡುವವನಲ್ಲ."

"ನೀವೂ ಮಾಡುವವರಲ್ಲ," ಎಂದ ಪುಂಡಲೀಕ. "ಎಷ್ಟು ಅವಸರವಿದ್ದರೂ ಗಾಳ ಹಿಡಿದು ಪಳಗಿದ ಕೈ ಈ ತಪ್ಪು ಮಾಡುವುದಿಲ್ಲ. ಇದನ್ನು ಜೋಡಿಸಿದವರು ಗಾಳ ಗೊತ್ತಿಲ್ಲದವರು. ಕೋಣೆಯ ಬೀಗ ಒಡೆದಿಲ್ಲ, ಅಂದರೆ ಬೀಗದಕೈ ಇದ್ದವರು. ಬೀಗದಕೈ ಎರಡೇ. ಒಂದು ನನ್ನ ಜೇಬಿನಲ್ಲಿದೆ."

ಘೋಷಾಲರು ಕುರ್ಚಿಯಲ್ಲಿ ಅಲುಗಾಡದೆ ಕುಳಿತಿದ್ದರು. "ಬೀಗ ಹಾಕದೆ ಬಿಟ್ಟಿರಬಹುದು, ಬಾಳಿಗಬಾಬು. ಈ ಅಡಿಗೆಯವನಿಗೂ ಗಾಳ ಗೊತ್ತಿಲ್ಲವಲ್ಲ. ನಾನು ಆ ಬೆಳಗ್ಗೆ ಕಿಣಿಬಾಬುವಿನ ಚಕ್ರದ ಸದ್ದು ಕೇಳಿದ್ದೇನೆ. ಆಗ ಅವರು ಬದುಕಿದ್ದರು."

"ಹೇಗಿತ್ತು ಸದ್ದು?"

"ಹೇಳಿದೆನಲ್ಲ. ಕಿರ್‌ರ್ ಅಂತ."

ಪುಂಡಲೀಕ ಕೋಲಿನ ಮೇಲಿದ್ದ ಮರದ ಚಕ್ರದ ದಾರವನ್ನು ಹಿಡಿದು ಜೋರಾಗಿ ಎಳೆದ. ಚಕ್ರ ಗಿರಗಿರನೆ ತಿರುಗಿತು. ಆದರೆ ಸದ್ದೇ ಇಲ್ಲ. ಇನ್ನೊಮ್ಮೆ ಎಳೆದ. ಇಲ್ಲ. ಅನಂತರ ಹಿತ್ತಾಳೆಯ ಚಕ್ರವನ್ನು ಎತ್ತಿ ಹೆಬ್ಬೆರಳಿನಿಂದ ಒಮ್ಮೆ ತಿರುಗಿಸಿದ.

ಕಿರ್‌ರ್‌ರ್.

ಚಂದ್ರಾವತಿಯವರ ಬಾಯಿಂದ ಸಣ್ಣ ಉದ್ಗಾರ ಹೊರಟಿತು. ಎಷ್ಟು ಭಾನುವಾರಗಳ ಸದ್ದು ಅದು! ಆ ಕ್ಷಣ ಕಿಣಿಯವರು ಘಾಟಿನ ಮೇಲಿಂದ "ಬಿತ್ತು ಐತಾಳ್ರೆ, ಬಿತ್ತು!" ಎಂದು ಕೂಗಿಬಿಡುತ್ತಾರೆ ಎನ್ನಿಸಿತು.

"ಆ ಬೆಳಗ್ಗೆ ಕೋಲಿನ ಮೇಲಿದ್ದುದು ಮೂಕ ಚಕ್ರ," ಎಂದ ಪುಂಡಲೀಕ. "ಹಾಡುವ ಚಕ್ರ ಹಿಂದಿನ ಸಂಜೆಯೇ ಫ್ಲಾನೆಲಿನಲ್ಲಿ ಮಲಗಿ ಜಾದವ್‌ಪುರಕ್ಕೆ ಹೋಗಿತ್ತು. ನೀವು ಯಾವ ಸದ್ದನ್ನೂ ಕೇಳಲಿಲ್ಲ, ಅನಾದಿಬಾಬು. ಪ್ರತಿ ಭಾನುವಾರ ಕೇಳುವ ಸದ್ದು, ಈ ಭಾನುವಾರವೂ ಕೇಳಿರಬೇಕು ಅಂತ ಯೋಚಿಸಿ ಹೇಳಿದಿರಿ. ಚಕ್ರಕ್ಕೂ ಚಕ್ರಕ್ಕೂ ವ್ಯತ್ಯಾಸವಿದೆ ಅಂತ ನಿಮಗೆ ಗೊತ್ತಿರಲಿಲ್ಲ. ಕಿಣಿಯವರು ಸತ್ತದ್ದು ಶನಿವಾರ. ಅದಕ್ಕೇ ವೆಂಕಪ್ಪ ಎತ್ತಿದಾಗ ಅವರ ಮೈ ಮರದ ಹಾಗೆ ಸೆಟೆದಿತ್ತು. ಆಗಷ್ಟೇ ಸತ್ತವರ ಮೈ ಹಾಗೆ ಸೆಟೆಯುವುದಿಲ್ಲ."

ಹಾಲ್ದಾರರು ಕಂಬವನ್ನು ಹಿಡಿದುಕೊಂಡರು. "ನಾನು ನೋಡಿದ್ದೆ," ಎಂದರು ಒಡಕು ದನಿಯಲ್ಲಿ. "ಶನಿವಾರ ಸಂಜೆ. ಕಿಣಿಯ ಜಾಗದ ಮೀನುಗಳನ್ನು ನನ್ನ ದಂಡೆಗೆ ಎಳೆಯೋಣ ಅಂತ ಕದ್ದು ಬಂದು ಮಸಾಲೆಯ ಎರೆ ಚೆಲ್ಲುತ್ತಿದ್ದೆ. ಕತ್ತಲಾಗುತ್ತಿತ್ತು, ಕರೆಂಟಿರಲಿಲ್ಲ. ಕಿಣಿ ಬರಿಗೈಯಲ್ಲಿ ಘಾಟಿನ ಕಡೆ ನಡೆದು ಬಂದ. ಅನಾದಿ ಅಲ್ಲಿ ಕೂತಿದ್ದ. ಸಿಕ್ಕಿಬೀಳುತ್ತೇನೆ ಅಂತ ನಾಚಿಕೆಯಾಗಿ ಓಡಿದೆ. ಹೇಳಲಿಕ್ಕೂ ನಾಚಿಕೆಯಾಯಿತು, ಬಾಳಿಗಬಾಬು. ಬೆಳಗಿನ ಸದ್ದು ಕೇಳಿದೆ ಅಂತ ಅನಾದಿ ಹೇಳಿದ ಮೇಲೆ, ನಾನು ಕಂಡದ್ದಕ್ಕೆ ಏನು ಬೆಲೆ ಅಂದುಕೊಂಡೆ."

ಘೋಷಾಲರ ಮೆತ್ತನೆಯ ಮುಖ ಒಮ್ಮೆಲೇ ಮುದಿಯಾಗಿತ್ತು.

"ಕಟ್ಟಡದವರಿಗೆ ಮಾತು ಕೊಟ್ಟಾಗಿತ್ತು. ಈ ಮನೆ ನೋಡಿ, ಪ್ರತಿ ಮಳೆಗೂ ಒಂದು ಗೋಡೆ ಬೀಳುತ್ತದೆ. ಕಿಣಿಬಾಬು ಪಾಡಾದವರನ್ನೆಲ್ಲ ಸೇರಿಸಿ ತಡೆಯುತ್ತೇನೆ ಅಂದರು. ನಿಮ್ಮ ಅಪ್ಪ ತೋಡಿಸಿದ ಕೊಳ, ಅವರಿದ್ದಿದ್ದರೆ ನಿಮ್ಮ ಮುಖ ನೋಡುತ್ತಿರಲಿಲ್ಲ ಅಂದರು. ಆ ಮಾತಿಗೆ ತಡೆಯಲಾಗಲಿಲ್ಲ. ನೂಕಿದೆ, ಅಷ್ಟೇ. ಮೆಟ್ಟಿಲಿಗೆ ತಲೆ ಬಡಿಯಿತು, ನೀರಿಗೆ ಜಾರಿದರು. ಹೆಸರು ಕರೆದೆ. ಅಲುಗಲಿಲ್ಲ. ಸತ್ತೇಹೋದರು ಅಂತ ಹೆದರಿ ಮೇಲೆ ಓಡಿಹೋದೆ. ಬೆಳಕು ಹರಿಯುವ ಮುಂಚೆ ಕೋಲು ತಂದಿಟ್ಟೆ, ಗಾಳ ಹಾಕುವಾಗ ಜಾರಿ ಬಿದ್ದರು ಅಂತ ಜನ ತಿಳಿಯಲಿ ಎಂದು."

"ಅವರು ಆಗ ಸತ್ತಿರಲಿಲ್ಲ," ಎಂದ ಪುಂಡಲೀಕ. ಅವನ ದನಿ ಗಟ್ಟಿಯಾಗಲಿಲ್ಲ, ಆದರೆ ಐತಾಳರು ಅವನನ್ನು ಹಾಗೆ ಮಾತಾಡಿ ಕೇಳಿರಲಿಲ್ಲ. "ಎದೆಯೊಳಗೆ ನೀರು ಹೋಗಿದೆ. ಉಸಿರಾಡುತ್ತಿದ್ದರು. ನೀವು ಎರಡು ಮೆಟ್ಟಿಲು ಇಳಿದು ಅವರ ತಲೆ ಎತ್ತಿ ಹಿಡಿದಿದ್ದರೆ ಸಾಕಿತ್ತು. ಅದಾಗದಿದ್ದರೂ, ವೆಂಕಪ್ಪನನ್ನು ಹಿಡಿದ ದಿನ ಆ ಸದ್ದಿನ ಸುಳ್ಳು ಹೇಳದೆ ಇರಬಹುದಿತ್ತು. ನೂಕಿದ್ದು ಸಿಟ್ಟಿನಲ್ಲಿ. ಸುಳ್ಳು ಹೇಳಿದ್ದು ಸಿಟ್ಟಿನಲ್ಲಲ್ಲ."

ಸಾನ್ಯಾಲರು ಎದ್ದು ಘೋಷಾಲರ ಭುಜದ ಮೇಲೆ ಕೈಯಿಟ್ಟರು. ಚಂದ್ರಾವತಿ ತಮ್ಮ ಜಾಗದಿಂದ ಎದ್ದವರು ಘೋಷಾಲರತ್ತ ನೋಡಲೇ ಇಲ್ಲ. ನೆಟ್ಟಗೆ ವೆಂಕಪ್ಪನ ಹತ್ತಿರ ಹೋಗಿ, ಕಾನ್‌ಸ್ಟೇಬಲ್‌ಗಳ ನಡುವೆ ನಿಂತಿದ್ದ ಅವನ ಎರಡೂ ಕೈಗಳನ್ನು ಹಿಡಿದುಕೊಂಡರು. "ನೀರಿನಿಂದ ಅವರನ್ನು ಎತ್ತಿದ ಕೈ," ಎಂದರು.

ಆ ಕೊಳ ಇನ್ನೂ ಕೆಲವು ವರ್ಷ ಉಳಿಯಿತು. ಪಾಡಾದವರೇ ಸೇರಿ ಅದನ್ನು ಉಳಿಸಿಕೊಂಡರು. ಪುಂಡಲೀಕ ಮುಂಬೈಗೆ ವರ್ಗವಾಗುವ ತನಕ ಭಾನುವಾರಗಳು ಮತ್ತೆ ನಡೆದವು, ಒಬ್ಬರಿಲ್ಲದೆ. ಹಾಲ್ದಾರರು ಆಮೇಲೆ ಯಾರೊಂದಿಗೂ ಜಗಳವಾಡಲಿಲ್ಲ. ಅದು ಐತಾಳರಿಗೆ ಇನ್ನಷ್ಟು ಬೇಸರ ತರುತ್ತಿತ್ತು. ಈಗ ಆ ಕಡೆ ಬಸ್ಸಿನಲ್ಲಿ ಹೋದರೆ ಯಾವ ಗಲ್ಲಿ, ಯಾವ ಮನೆ ಎಂದು ಗುರುತು ಸಿಗುವುದಿಲ್ಲ. ಆದರೆ ಆ ಪ್ರಕರಣ ಎಂದರೆ ಐತಾಳರಿಗೆ ಮೊದಲು ನೆನಪಾಗುವುದು ಜಗಲಿಯೂ ಅಲ್ಲ, ಕೊಳವೂ ಅಲ್ಲ. ವೆಂಕಪ್ಪನನ್ನು ಆಲಿಪುರದ ಕೋರ್ಟಿನಿಂದ ಬಿಡಿಸಿಕೊಂಡು ಬಂದ ಮಧ್ಯಾಹ್ನ.

ಟ್ಯಾಕ್ಸಿಯಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದ. ಕಾಳಿಘಾಟು ದಾಟಿತು, ಗಡಿಯಾಹಾಟಿನ ಗಲಾಟೆ ದಾಟಿತು. ಊರಿಗೆ ಹೋಗುತ್ತೇನೆ ಅನ್ನುತ್ತಾನೆ, ಈಗ ಅನ್ನುತ್ತಾನೆ ಎಂದು ಐತಾಳರು ಕಾಯುತ್ತಿದ್ದರು. ಅಂದರೆ ತಡೆಯುವ ಬಾಯಿ ತನಗಿಲ್ಲ ಎಂದೂ ಅವರಿಗೆ ಗೊತ್ತಿತ್ತು. ಢಾಕುರಿಯಾ ಸೇತುವೆ ಹತ್ತುವಾಗ ವೆಂಕಪ್ಪ ತಿರುಗಿದ.

"ಇಷ್ಟು ದಿನ ಹಿಟ್ಟು ರುಬ್ಬಿದ್ದು ಯಾರು ಒಡೆಯರೆ?"

"ನಾನೇ."

"ಉದ್ದು ಎಷ್ಟು ಹಾಕಿದ್ರಿ?"

"ಕೈಗೆ ಬಂದಷ್ಟು."

ವೆಂಕಪ್ಪ ಅವರನ್ನೇ ದಿಟ್ಟಿಸಿ ನೋಡಿದ. "ಹಾಗಾದ್ರೆ ಗಿರಾಕಿಗಳು ಯಾರಾದ್ರೂ ಉಳಿದಿದ್ದಾರಾ?"

ಇಬ್ಬರಿಗೂ ಒಟ್ಟಿಗೇ ನಗು ಬಂತು. ವೆಂಕಪ್ಪನ ನಗು ನಡುದಾರಿಯಲ್ಲಿ ಅಳುವಾಯಿತು. ಅವನು ಅಂಗಿಯ ತೋಳಿನಲ್ಲಿ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತ. ಐತಾಳರು ಅವನ ಬೆನ್ನಿನ ಮೇಲೆ ಕೈಯಿಟ್ಟು ಕುಳಿತರು. ಅವರ ಕನ್ನಡಕವೂ ಮಸುಕಾಗಿತ್ತು. ಬಿಹಾರಿ ಡ್ರೈವರು ಕನ್ನಡಿಯಲ್ಲಿ ಒಮ್ಮೆ ನೋಡಿ ಗಾಡಿಯ ವೇಗ ತಗ್ಗಿಸಿದ.

ಸೇತುವೆ ಇಳಿದ ಮೇಲೆ ವೆಂಕಪ್ಪ ಮುಖ ಒರೆಸಿಕೊಂಡು ನೆಟ್ಟಗೆ ಕುಳಿತ.

"ಬೇಗ ಹೋಗ್ಲಿಕ್ಕೆ ಹೇಳಿ ಅವನಿಗೆ," ಎಂದ. "ನಾಳೆಯ ಉದ್ದು ಈಗ್ಲೇ ನೆನೆಸಬೇಕು."